ರೋಟರಿ ಎಂಜಿನ್ ಕಾರು: ಸೆಲ್ಫ್ ತಿರುಗುತ್ತಿದೆ, ಎಂಜಿನ್ ಎತ್ತಿಕೊಳ್ಳುತ್ತಿಲ್ಲ (ಪುಣೆ)

ಕೋಥ್ರೂಡ್ ಕಿಟ್ಟಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಗಾಡಿ 2005ರ ಮಜ್ದಾ ಆರ್‌ಎಕ್ಸ್-8, ಮ್ಯಾನ್ಯುಯಲ್. ಮೊದಲಿನ ಮಾಲೀಕರು ಸಿಂಗಾಪುರದಿಂದ ವಾಪಸ್ ಬರುವಾಗ ತಂದದ್ದು, ಅವರ ಕೈಯಿಂದ ನನಗೆ ಬಂತು. ಮಜ್ದಾದವರು ಭಾರತದಲ್ಲಿ ಕಾರು ಮಾರಿಯೇ ಇಲ್ಲ. ಹಾಗಾಗಿ ಶೋರೂಮೂ ಇಲ್ಲ, ಸರ್ವಿಸ್ ಸೆಂಟರೂ ಇಲ್ಲ. ನಮ್ಮ ಸೊಸೈಟಿಯಲ್ಲಿ ಮಜ್ದಾ ಅಂದರೆ ಇವತ್ತಿಗೂ ಸ್ವರಾಜ್ ಮಜ್ದಾ ಶಾಲಾ ವ್ಯಾನೇ ನೆನಪಾಗುವುದು.

ಆದದ್ದು ಇಷ್ಟು. ಪಾರ್ಕಿಂಗ್‌ನಲ್ಲಿ ಬಣ್ಣ ಹೊಡೆಯುವವರು ಬಂದಿದ್ದರು. ನಾನು ಹಿಂಜವಡಿಯಲ್ಲಿ ಆಫೀಸಿನಲ್ಲಿದ್ದೆ. ಮನೆಯಲ್ಲಿದ್ದ ಭಾವಮೈದುನ ಒಳ್ಳೆಯ ಮನಸ್ಸಿನಿಂದಲೇ ಕೀ ತೆಗೆದುಕೊಂಡು ಹೋಗಿ, ಸ್ಟಾರ್ಟ್ ಮಾಡಿ, ಹತ್ತಡಿ ಹಿಂದೆ ತೆಗೆದು, ತಕ್ಷಣ ಆಫ್ ಮಾಡಿ ಬಂದಿದ್ದಾನೆ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ತಿರುಗುತ್ತದೆ, ಆದರೆ ಎಂಜಿನ್ ಎತ್ತಿಕೊಳ್ಳುವುದೇ ಇಲ್ಲ. ಸೈಲೆನ್ಸರ್ ಹತ್ತಿರ ನಿಂತರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬ್ಯಾಟರಿ ಈಗ ಸೊರಗಿದೆ.

ಹತ್ತಿರದ ಗ್ಯಾರೇಜಿನವರು ಬಂದು ನೋಡಿ "ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಅಂದರು. ಇನ್ನೊಬ್ಬರು ಫ್ಯೂಯೆಲ್ ಪಂಪ್ ಅಂದರು. ಪಂಪ್ ಹೋಗಿದ್ದರೆ ಪೆಟ್ರೋಲ್ ವಾಸನೆ ಎಲ್ಲಿಂದ ಬರುತ್ತದೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಗೊತ್ತಿಲ್ಲ. ಈ ಬೇಸಿಗೆಯಿಂದ ಎಂಜಿನ್ ಬಿಸಿಯಾಗಿದ್ದಾಗ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗಿತ್ತು. ಪೆಟ್ರೋಲ್ ಬಂಕ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆಯುವಷ್ಟು. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಒಂದೇ ಏಟಿಗೆ ಎತ್ತಿಕೊಳ್ಳುತ್ತಿತ್ತು.

ಎಲ್ಲಿಂದ ಶುರು ಮಾಡಲಿ?


ಡೊಂಬಿವಲಿ ಶೆಟ್ಟಿ:

ಮಾರಾಯ್ರೇ, ಮೊದಲು ಆ ರಿಂಗ್ ಹೋಗಿದೆ ಅಂದವರ ಕೈಗೆ ಗಾಡಿ ಕೊಡಬೇಡಿ. ಇದರಲ್ಲಿ ಪಿಸ್ಟನ್ನೇ ಇಲ್ಲ, ರಿಂಗ್ ಎಲ್ಲಿಂದ ಹೋಗುತ್ತದೆ? ಬೋರ್ ಮಾಡಿಸಲು ದುಂಡಗಿನ ಸಿಲಿಂಡರೂ ಇಲ್ಲ. ತ್ರಿಕೋನದ ಹಾಗಿರುವ ಎರಡು ರೋಟರ್, ಒಂದೊಂದು 654 ಸಿಸಿ, ಒಟ್ಟು 1308. ವಾಲ್ವ್ ಕೂಡ ಇಲ್ಲ. ಪಿಸ್ಟನ್ ರಿಂಗ್ ಮಾಡುವ ಕೆಲಸವನ್ನು ಇಲ್ಲಿ ರೋಟರ್‌ನ ಮೂರು ಮೂಲೆಗಳಲ್ಲಿರುವ ಎಪೆಕ್ಸ್ ಸೀಲ್‌ಗಳು, ಬದಿಯಲ್ಲಿರುವ ಸೈಡ್ ಸೀಲ್‌ಗಳು ಮಾಡುತ್ತವೆ. ಅಂಧೇರಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಆರ್‌ಎಕ್ಸ್-7, ಆರ್‌ಎಕ್ಸ್-8 ಎರಡೂ ಬರುತ್ತಿದ್ದವು, ಈ ಕಥೆ ನನಗೆ ಹೊಸದಲ್ಲ.

ನಿಮ್ಮ ಗಾಡಿ ಫ್ಲಡ್ ಆಗಿದೆ, ನಮ್ಮ ಹಳೆಯ ಮೆಕ್ಯಾನಿಕ್‌ಗಳ ಮಾತಿನಲ್ಲಿ ಪೆಟ್ರೋಲ್ ಓವರ್ ಆಗಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲ್ ಉರಿಯದೆ ಒಳಗೇ ಉಳಿಯುತ್ತದೆ. ರೋಟರಿಗೆ ಸೀಲ್ ಮೇಲೆ ತೆಳುವಾಗಿ ಎಣ್ಣೆ ಇರಲೇಬೇಕು. ಸೆಲ್ಫ್‌ನ ನಿಧಾನ ವೇಗದಲ್ಲಿ ಕಂಪ್ರೆಷನ್, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡ, ಹಿಡಿದಿಡುವುದರಲ್ಲಿ ಆ ಎಣ್ಣೆಯ ಪಾಲು ದೊಡ್ಡದು. ಪೆಟ್ರೋಲ್ ಅದನ್ನು ತೊಳೆದು ಹಾಕುತ್ತದೆ. ಮರುದಿನ ನೀವು ಸೆಲ್ಫ್ ಹೊಡೆದಾಗ ಕಂಪ್ರೆಷನ್ ಇಲ್ಲ, ಪ್ಲಗ್ ಒದ್ದೆ, ಸಾಲದ್ದಕ್ಕೆ ಪ್ರತಿ ಸುತ್ತಿಗೂ ಇನ್ನಷ್ಟು ಪೆಟ್ರೋಲ್ ಒಳಗೆ ಬರುತ್ತದೆ. ಹೊಡೆದಷ್ಟೂ ಹಾಳು.

ಶಬ್ದ ಕೇಳಿದರೇ ಗೊತ್ತಾಗುತ್ತದೆ. ಸರಿಯಿರುವ ರೋಟರಿ ಸೆಲ್ಫ್ ಹೊಡೆಯುವಾಗ ಚಫ್ ಚಫ್ ಚಫ್ ಅಂತ ಒಂದೇ ಸಮ ಬಡಿತ ಇರುತ್ತದೆ. ಓವರ್ ಆಗಿದ್ದರೆ ಬಡಿತವೇ ಇಲ್ಲದೆ ಮಿಕ್ಸಿ ತಿರುಗಿದ ಹಾಗೆ ಗರ್ರ್ ಅಂತ ಹಗುರಾಗಿ ತಿರುಗುತ್ತದೆ. ನಿಮ್ಮದು ಎರಡನೆಯದು ಅಂತ ನನ್ನ ಅಂದಾಜು, ಅಲ್ವಾ?

ಈಗ ಮಾಡಬೇಕಾದದ್ದು. ಬ್ಯಾಟರಿ ಬಿಚ್ಚಿ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ. ಸೊರಗಿದ ಬ್ಯಾಟರಿಯಲ್ಲಿ ಏನು ಮಾಡಿದರೂ ಸುಮ್ನೆ. ಆಮೇಲೆ ಆಕ್ಸಿಲರೇಟರನ್ನು ನೆಲಕ್ಕೆ ತಾಗುವ ತನಕ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪೆಡಲ್ ಪೂರ್ತಿ ಕೆಳಗಿದ್ದರೆ ಸೆಲ್ಫ್ ತಿರುಗುವಾಗ ಈ ಗಾಡಿಯ ಕಂಪ್ಯೂಟರ್ ಇಂಜೆಕ್ಟರ್ ನಿಲ್ಲಿಸುತ್ತದೆ, ಒಳಗೆ ಗಾಳಿ ಮಾತ್ರ ಹೋಗುತ್ತದೆ. ಹತ್ತು ಸೆಕೆಂಡ್ ಹೊಡೆದು, ಸ್ಟಾರ್ಟರ್ ಮೋಟಾರ್ ತಣಿಯಲು ಬಿಟ್ಟು, ಮತ್ತೆ. ಸಣ್ಣ ಓವರ್ ಆಗಿದ್ದರೆ ಇಷ್ಟಕ್ಕೇ ಕೆಮ್ಮಿಕೊಂಡು ಎದ್ದು ನಿಲ್ಲುತ್ತದೆ. ಇಲ್ಲವಾದರೆ ಪ್ಲಗ್ ಬಿಚ್ಚಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಬಿಸಿಯಲ್ಲಿ ಸ್ಟಾರ್ಟ್ ಆಗದ ವಿಷಯ ಬೇರೆ. ಅದನ್ನು ಇದರ ಜೊತೆ ಕಲಸಬೇಡಿ. ಆದರೆ ಮರೆಯಲೂ ಬೇಡಿ, ನನಗೆ ಹೆದರಿಕೆ ಅದರದ್ದೇ.


ವಾಸ್ಕೊ ನಾಯ್ಕ:

ಇಷ್ಟೆಲ್ಲ ಯಾಕೆ? ನಾಲ್ಕು ಹುಡುಗರನ್ನು ಕರೆದು ಧಕ್ಕಾ ಕೊಡಿಸಿ, ಸೆಕೆಂಡ್ ಗೇರ್‌ನಲ್ಲಿ ಕ್ಲಚ್ ಬಿಡಿ. ನಮ್ಮ ಪದ್ಮಿನಿ ಮಳೆಗಾಲ ಪೂರ್ತಿ ಹಾಗೇ ಸ್ಟಾರ್ಟ್ ಆಗುತ್ತಿತ್ತು. ಬಾಯ್ನಾದಿಂದ ಬಂದರಿನ ತನಕ ಇಳಿಜಾರು ಸಿಕ್ಕಿದ ಕಡೆಯೇ ಪಾರ್ಕ್ ಮಾಡುತ್ತಿದ್ದೆವು.


ಡೊಂಬಿವಲಿ ಶೆಟ್ಟಿ:

ನಾಯ್ಕರೇ, ಪದ್ಮಿನಿ ಲೆಕ್ಕ ಬೇರೆ. ಆಗ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ಇದರಲ್ಲಿ ಇದೆ. ಓವರ್ ಆದ ರೋಟರಿಯನ್ನು ತಳ್ಳಿ ಸ್ಟಾರ್ಟ್ ಮಾಡಿದರೆ ಉರಿಯದ ಪೆಟ್ರೋಲ್ ಎಲ್ಲ ನೇರವಾಗಿ ಅದರೊಳಗೆ ಹೋಗಿ ಕೂರುತ್ತದೆ. ಎಂಜಿನ್ ಎದ್ದ ಕೂಡಲೇ ಅಲ್ಲಿ ಹೊತ್ತಿಕೊಂಡು ಒಳಗಿನ ಜೇನುಗೂಡು ಕರಗುತ್ತದೆ. ಕರಗಿ ಕಟ್ಟಿಕೊಂಡರೆ ಹೊಗೆ ಹೊರಗೆ ಹೋಗಲು ದಾರಿ ಇಲ್ಲ, ಎಂಜಿನ್ ವಿಪರೀತ ಬಿಸಿ, ಆಮೇಲೆ ಸೀಲ್ ಕೂಡ ಹೋಗುತ್ತದೆ. ಎಳೆದುಕೊಂಡು ಹೋಗಿ ಸ್ಟಾರ್ಟ್ ಮಾಡುವುದೂ ಅಷ್ಟೇ. ಬೇಡ.


ಕಾತ್ರಜ್ ಕುಲಕರ್ಣಿ:

ನನ್ನದೊಂದು ಅನುಮಾನ ಇದೆ ರೀ. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. 2005ರ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ. ಅದರಿಂದಲೇ ಈ ಸ್ಟಾರ್ಟಿಂಗ್ ಕಿರಿಕಿರಿ ಇರಬಹುದಲ್ಲ? ನಮ್ಮ ಗುಂಪಿನಲ್ಲಿ ಹಳೆಯ ಗಾಡಿಯವರೆಲ್ಲ ಅದನ್ನೇ ಬೈಯುತ್ತಿದ್ದಾರೆ.


ಡೊಂಬಿವಲಿ ಶೆಟ್ಟಿ:

ಎಥೆನಾಲ್‌ನಿಂದ ಬೇರೆ ತೊಂದರೆ ಇದೆ, ಈ ತೊಂದರೆ ಅದರದ್ದಲ್ಲ. ಎಥೆನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಅಂದರೆ ಇಂಜೆಕ್ಟರ್ ಅಷ್ಟೇ ಅಳತೆ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆಯೇ ಹೊರತು ಓವರ್ ಆಗುವುದಿಲ್ಲ. ಇವರದು ಉಲ್ಟಾ ಕೇಸು.

ಆದರೆ ಗಾಡಿ ವಾರಗಟ್ಟಲೆ ನಿಂತರೆ ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕಡೆಯ ಜುಲೈ ತಿಂಗಳಲ್ಲಂತೂ ಕೇಳುವುದೇ ಬೇಡ. ಹಳೆಯ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಆಗಾಗ ಮುಟ್ಟಿ ನೋಡಿ, ಮೆತ್ತಗಾಗಿದ್ದರೆ ಬದಲಾಯಿಸಿ. ಪುಣೆಯಲ್ಲಿ 100 ಆಕ್ಟೇನ್ ಪೆಟ್ರೋಲ್ ಸಿಗುವ ಬಂಕ್ ಇವೆ. ರೋಟರಿಗೆ ಅಷ್ಟು ಆಕ್ಟೇನ್ ಏನೂ ಬೇಕಾಗಿಲ್ಲ, ಸುಮ್ನೆ ಜೇಬಿಗೆ ಭಾರ.


ಕೋಥ್ರೂಡ್ ಕಿಟ್ಟಿ:

ಶೆಟ್ರೇ, ಬ್ಯಾಟರಿ ಚಾರ್ಜ್ ಮಾಡಿ ಪೆಡಲ್ ಒತ್ತಿ ಹೊಡೆದೆ. ಶಬ್ದ ನೀವು ಹೇಳಿದ ಹಾಗೆಯೇ, ಗರ್ರ್ ಅಂತ. ನಡುವೆ ಒಮ್ಮೊಮ್ಮೆ ಡಬ್ ಅಂತ ಸೈಲೆನ್ಸರ್‌ನಲ್ಲಿ ಸದ್ದು, ಮತ್ತೆ ತಣ್ಣಗೆ. ಪ್ಲಗ್ ಬಿಚ್ಚುವ ಕಥೆ ಹೇಳಿ. ಬಾನೆಟ್ ತೆಗೆದು ನೋಡಿದರೆ ಪ್ಲಗ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ.


ಡೊಂಬಿವಲಿ ಶೆಟ್ಟಿ:

ಮೇಲಿಂದ ಕಾಣುವುದಿಲ್ಲ. ಎಂಜಿನ್‌ನ ಎಡಬದಿಯಲ್ಲಿ, ಕೆಳಗೆ ಇವೆ. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಎಡಗಡೆ ಮುಂದಿನ ಚಕ್ರ ಬಿಚ್ಚಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ ಮಾರಾಯ್ರೇ. ಚಕ್ರದ ಜಾಗದಿಂದ ಒಳಗೆ ನೋಡಿದರೆ ಒಂದೊಂದು ರೋಟರ್‌ಗೆ ಎರಡರಂತೆ ನಾಲ್ಕು ಪ್ಲಗ್ ಕಾಣುತ್ತವೆ. ಕೆಳಗಿನ ಎರಡು ಲೀಡಿಂಗ್ (ಮೊದಲು ಕಿಡಿ ಕೊಡುವವು), ಮೇಲಿನ ಎರಡು ಟ್ರೇಲಿಂಗ್ (ಆಮೇಲೆ ಕೊಡುವವು). ವಯರ್ ಕೀಳುವ ಮೊದಲು ಫೋಟೋ ತೆಗೆದು, ಟೇಪ್ ಹಚ್ಚಿ ಗುರುತು ಬರೆಯಿರಿ. ಮೇಲಿನದು ಕೆಳಗೆ ಸಿಕ್ಕಿಸಿ, ಗಾಡಿ ಸತ್ತೇಹೋಯಿತು ಅಂತ ಅತ್ತವರನ್ನು ನೋಡಿದ್ದೇನೆ.

ಪ್ಲಗ್ ತೆಗೆಯುವ ಮೊದಲು ಪೆಟ್ರೋಲ್ ನಿಲ್ಲಿಸಬೇಕು. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್ ಮುಚ್ಚಳದಲ್ಲಿ ಪಟ್ಟಿ ಇರುತ್ತದೆ, ಮ್ಯಾನ್ಯುಯಲ್ ಜೊತೆ ಹೋಲಿಸಿ ಫ್ಯೂಯೆಲ್ ಪಂಪ್‌ನದು ತೆಗೆಯಿರಿ. ಪ್ಲಗ್‌ಗೆ ಕರೆಂಟ್ ಕೊಡುವ ನಾಲ್ಕೂ ಇಗ್ನಿಷನ್ ಕಾಯಿಲ್‌ಗಳ ಸಾಕೆಟ್ ಕಳಚಿ. ಇದು ಮುಖ್ಯ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದಾಗ ಆ ತೂತುಗಳಿಂದ ಪೆಟ್ರೋಲ್ ಮಂಜಿನ ಹಾಗೆ ಹೊರಗೆ ಚಿಮ್ಮುತ್ತದೆ. ಅಲ್ಲಿ ಒಂದು ಕಿಡಿ ಸಿಕ್ಕರೆ ಗಾಡಿಯೂ ಇಲ್ಲ, ಪಾರ್ಕಿಂಗೂ ಇಲ್ಲ. ತೆರೆದ ಜಾಗದಲ್ಲಿ ಮಾಡಿ, ಬೀಡಿ ಸೇದುವ ಪೇಂಟರ್‌ಗಳನ್ನು ದೂರ ಕಳಿಸಿ.

ಸೆಲ್ಫ್ ಹೊಡೆದು ಚಿಮ್ಮುವುದು ನಿಂತ ಮೇಲೆ ತೂತು ತೆರೆದೇ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಆಮೇಲೆ ಎರಡೂ ರೋಟರ್‌ಗೆ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಅಥವಾ ಟೂ ಸ್ಟ್ರೋಕ್ ಆಯಿಲ್ ಬಿಡಿ. ಸಿರಿಂಜ್ ತುದಿಗೆ ಸಣ್ಣ ಪೈಪ್ ಸಿಕ್ಕಿಸಿದರೆ ಸುಲಭ. ಒಂದೆರಡು ಸೆಕೆಂಡ್ ಮಾತ್ರ ಸೆಲ್ಫ್ ಕೊಟ್ಟರೆ ಎಣ್ಣೆ ಮೂರೂ ಮುಖಕ್ಕೆ ಹರಡುತ್ತದೆ. ತೊಳೆದು ಹೋಗಿದ್ದ ಎಣ್ಣೆಯನ್ನು ವಾಪಸ್ ಕೊಡುವುದು ಅಷ್ಟೇ ಇದರ ಉದ್ದೇಶ, ಜಾಸ್ತಿ ಸುರಿಯಬೇಡಿ.

ಪ್ಲಗ್ ಹೊಸದೇ ಹಾಕಿ. ಪೆಟ್ರೋಲ್ ಕುಡಿದ ಪ್ಲಗ್ ಒರೆಸಿದರೂ ನಂಬುವಂತಿಲ್ಲ. ಎನ್‌ಜಿಕೆ ಕಂಪನಿಯದು, ಲೀಡಿಂಗ್‌ಗೆ ಆರ್‌ಇ7ಸಿ-ಎಲ್, ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ. ಕೊನೆಯಲ್ಲಿ ಎಲ್ ಮತ್ತು ಟಿ ಇರುವುದೇ ಗುರುತು, ಅದಲು ಬದಲು ಮಾಡಬೇಡಿ. ಪ್ಲಗ್ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಹೌಸಿಂಗ್, ಅಂದರೆ ರೋಟರ್ ತಿರುಗುವ ಗೂಡು, ಅಲ್ಯೂಮಿನಿಯಂನದು, ಪ್ಲಗ್ ತೂತಿನ ಥ್ರೆಡ್ ಹಾಳಾದರೆ ಅದೊಂದು ದೊಡ್ಡ ಕೆಲಸ.

ಕಾಯಿಲ್ ಮತ್ತು ಫ್ಯೂಸ್ ಮೊದಲಿನ ಹಾಗೆ ಜೋಡಿಸಿ ಸ್ಟಾರ್ಟ್ ಮಾಡಿ. ಎದ್ದ ಕೂಡಲೇ ಬಿಳಿ ಹೊಗೆ ಬರುತ್ತದೆ, ತುಂಬಾ ಬರುತ್ತದೆ, ಹೆದರಿ ಆಫ್ ಮಾಡಿದರೆ ಮತ್ತೆ ಮೊದಲಿಂದ! ಟೆಂಪರೇಚರ್ ಮುಳ್ಳು ನಡುವಿಗೆ ಬರುವ ತನಕ ಓಡಲಿ. ರೇಸ್ ಮಾಡಬೇಡಿ.


ಕೋಥ್ರೂಡ್ ಕಿಟ್ಟಿ:

ಪ್ಲಗ್ ಎಲ್ಲಿ ಸಿಗುತ್ತದೆ? ನಾನಾ ಪೇಠ್‌ನಲ್ಲಿ ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ.


ಕಾತ್ರಜ್ ಕುಲಕರ್ಣಿ:

ನಾನಾ ಪೇಠ್‌ನಲ್ಲಿ ಸಿಗೋದಿಲ್ಲ ರೀ, ಅಲ್ಲಿ ಮಾರುತಿಯಿಂದ ಲಾರಿ ತನಕ ಏನು ಬೇಕಾದರೂ ಸಿಗುತ್ತದೆ, ಇದು ಸಿಗೋದಿಲ್ಲ. ಮುಂಬೈನಲ್ಲಿ ಕುರ್ಲಾದ ಸಿಎಸ್‌ಟಿ ರೋಡ್‌ನಲ್ಲಿ ಫಾರಿನ್ ಗಾಡಿಗಳ ಹಳೆಯ ಪಾರ್ಟ್ಸ್ ಸಿಗುತ್ತವೆ, ಆದರೆ ಬಳಸಿದ ಪ್ಲಗ್ ತಂದು ಏನು ಮಾಡುತ್ತೀರಿ. ಹೊರಗಿನಿಂದ ತರಿಸುವುದೇ ಸರಿ. ತರಿಸುವಾಗ ಒಂದು ಸೆಟ್ ಜಾಸ್ತಿ ತರಿಸಿ, ಡಿಕ್ಕಿಯಲ್ಲಿ ಬಿದ್ದಿರಲಿ.


ಡೊಂಬಿವಲಿ ಶೆಟ್ಟಿ:

ಬರುವ ತನಕ ಹಳೆಯದನ್ನೇ ಪ್ಲಗ್ ಕ್ಲೀನರ್‌ನಲ್ಲಿ ತೊಳೆದು, ಒಣಗಿಸಿ ಹಾಕಿ ನೋಡಿ. ಅಚ್ಚುಕಟ್ಟಾದ ಕೆಲಸ ಅಲ್ಲ, ಆದರೆ ಎದ್ದೇಳುವ ಚಾನ್ಸ್ ಇದೆ. ಹೊಸ ಪ್ಲಗ್ ಜೊತೆ ಕಾಯಿಲ್ ಸೆಟ್ ಕೂಡ ತರಿಸಿ. ಈ ಮಾಡೆಲ್‌ನಲ್ಲಿ ಕಾಯಿಲ್ ಬೇಗ ಸೊರಗುತ್ತದೆ, ಎಲ್ಲರಿಗೂ ಗೊತ್ತಿರುವ ವಿಷಯ. ಕಿಡಿ ಸಪ್ಪೆಯಾದರೆ ಪೆಟ್ರೋಲ್ ಉರಿಯದೆ ಉಳಿಯುತ್ತದೆ, ಓವರ್ ಆಗಲು ಅದೊಂದು ಕಾರಣ.


ಕೋಥ್ರೂಡ್ ಕಿಟ್ಟಿ:

ಎದ್ದಿತು!

ಹಳೆಯ ಪ್ಲಗ್ ತೊಳೆದು ಹಾಕಿಯೇ ಎದ್ದಿತು. ಪ್ಲಗ್ ತೂತಿನಿಂದ ಚಿಮ್ಮಿದ ಪೆಟ್ರೋಲ್ ನೋಡಿ ನನಗೇ ಗಾಬರಿ. ಎದ್ದ ಮೇಲೆ ಬಂದ ಹೊಗೆಗೆ ಎರಡನೇ ಮಹಡಿಯ ಕಾಕೂ ಬಾಲ್ಕನಿಗೆ ಬಂದು "ಕಾಯ್ ಝಾಲಂ" ಅಂತ ಕೂಗಿದರು, ವಾಚ್‌ಮನ್ ಮರಳಿನ ಬಕೆಟ್ ಹಿಡಿದು ಓಡಿ ಬಂದ. ಸೆಕ್ರೆಟರಿಯಿಂದ ಒಂದು ಕಾಗದ ಬರುವುದು ಗ್ಯಾರಂಟಿ. ಬಿಸಿಯಾದ ಮೇಲೆ ಹೊಗೆ ನಿಂತಿತು, ಚಾಂದನಿ ಚೌಕ್ ತನಕ ಓಡಿಸಿಕೊಂಡು ಬಂದೆ, ಪಿಕಪ್ ಮೊದಲಿನಂತೆಯೇ ಇದೆ.

ಆದರೆ ವಾಪಸ್ ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಅದೇ ಹಳೇ ರಾಗ. ಸೆಲ್ಫ್ ಹೊಡೆದು ಹೊಡೆದು ಕೊನೆಗೆ ಎದ್ದಿತು. ಅಂದರೆ ನೀವು ಹೇಳಿದ ಎರಡನೇ ವಿಷಯ ಹಾಗೇ ಇದೆ.


ಡೊಂಬಿವಲಿ ಶೆಟ್ಟಿ:

ಎದ್ದದ್ದು ಸಂತೋಷ. ಮೊದಲು ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸಿ, ಓವರ್ ಆದ ಪೆಟ್ರೋಲ್ ಸೀಲ್ ದಾಟಿ ಕೆಳಗೆ ಇಳಿದಿರುತ್ತದೆ. ಅದನ್ನು ಹಾಗೇ ಓಡಿಸಿದರೆ ಬೇರಿಂಗ್‌ಗೆ ಒಳ್ಳೆಯದಲ್ಲ.

ಈಗ ಬಿಸಿ ಸ್ಟಾರ್ಟ್ ವಿಷಯ. ತಣ್ಣಗಿದ್ದಾಗ ಚೆನ್ನಾಗಿ ಎದ್ದು ಬಿಸಿಯಲ್ಲಿ ಏಳದಿದ್ದರೆ ರೋಟರಿಯವರು ಮೊದಲು ಅನುಮಾನಪಡುವುದು ಕಂಪ್ರೆಷನ್ ಮೇಲೆ. ತಣ್ಣಗಿದ್ದಾಗ ಆಯಿಲ್ ದಪ್ಪ ಇರುತ್ತದೆ, ಸವೆದ ಸೀಲ್‌ನ ಸಂದು ಮುಚ್ಚುತ್ತದೆ. ಬಿಸಿಯಾದಾಗ ಆಯಿಲ್ ತೆಳು, ಸಂದಿನಿಂದ ಗಾಳಿ ಜಾರುತ್ತದೆ. ಓಡುವಾಗ ಗೊತ್ತಾಗುವುದಿಲ್ಲ, ಯಾಕೆಂದರೆ ವೇಗ ಇದ್ದಾಗ ಜಾರಲು ಹೊತ್ತೇ ಸಿಗುವುದಿಲ್ಲ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿ ಕೂಡ ರೋಟರಿಯೇ, ನಾಲ್ಕು ರೋಟರ್‌ನದ್ದು, 24 ಗಂಟೆ ಓಡಿ ಗೆದ್ದದ್ದು. ಈ ಜಾತಿಗೆ ಓಡುವುದು ಕಷ್ಟ ಅಲ್ಲ ಮಾರಾಯ್ರೇ, ನಿಲ್ಲಿಸಿ ಎಬ್ಬಿಸುವುದು ಕಷ್ಟ.

ಕಂಪ್ರೆಷನ್ ಟೆಸ್ಟ್ ಮಾಡಿಸದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಆದರೆ ಗ್ಯಾರೇಜಿನ ಮಾಮೂಲಿ ಗೇಜ್ ಸುಳ್ಳು ಹೇಳುತ್ತದೆ. ಅದರ ತುದಿಯಲ್ಲಿ ಸೈಕಲ್ ಟ್ಯೂಬಿನಲ್ಲಿರುವಂಥ ಸಣ್ಣ ವಾಲ್ವ್ ಇರುತ್ತದೆ, ಒಳಗೆ ಹೋದ ಒತ್ತಡ ಹೊರಗೆ ಬರುವುದಿಲ್ಲ. ರೋಟರ್‌ಗೆ ಮೂರು ಮುಖ. ಎರಡು ಮುಖ ಸೋರುತ್ತಿದ್ದು ಒಂದು ಸರಿಯಿದ್ದರೂ ಆ ಗೇಜ್ ಸರಿಯಿರುವ ಒಂದನ್ನೇ ತೋರಿಸಿ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ರೋಟರಿಗೇ ಅಂತ ಬೇರೆ ಟೆಸ್ಟರ್ ಇದೆ, ಮೂರೂ ಮುಖಕ್ಕೆ ಬೇರೆ ಬೇರೆ ಅಂಕಿ ಕೊಡುತ್ತದೆ, ಜೊತೆಗೆ ಸೆಲ್ಫ್ ಎಷ್ಟು ವೇಗದಲ್ಲಿ ತಿರುಗಿತು ಅಂತಲೂ ಹೇಳುತ್ತದೆ. ಕಂಪನಿ ಲೆಕ್ಕದಲ್ಲಿ ಹೊಸ ಎಂಜಿನ್‌ಗೆ ನಿಮಿಷಕ್ಕೆ 250 ಸುತ್ತಿನಲ್ಲಿ 830 ಕಿಲೋ ಪ್ಯಾಸ್ಕಲ್, ಕನಿಷ್ಠ 680. ಅದಕ್ಕಿಂತ ಕೆಳಗೆ ಹೋದರೆ ಎಂಜಿನ್ ರಿಪೇರಿಗೆ ಬಂದಿದೆ ಅಂತ ಅರ್ಥ.

ಆ ಟೆಸ್ಟರ್ ಸಿಗದಿದ್ದರೆ ಮಾಮೂಲಿ ಗೇಜ್‌ನ ವಾಲ್ವ್ ಬಿಚ್ಚಿ ಲೀಡಿಂಗ್ ತೂತಿಗೆ ಹಾಕಿ, ಸೆಲ್ಫ್ ಹೊಡೆಯುವಾಗ ಮುಳ್ಳನ್ನು ಫೋನಿನಲ್ಲಿ ವಿಡಿಯೊ ಮಾಡಿ. ಮುಳ್ಳು ಕುಣಿಯುತ್ತದೆ. ಮೂರು ಕುಣಿತವೂ ಒಂದೇ ಎತ್ತರ ಇದೆಯಾ ನೋಡಿ. ಅಂಕಿಯನ್ನು ನಂಬಬೇಡಿ, ಸಮ ಇದೆಯಾ ಅಷ್ಟೇ ನೋಡಿ. ಎಂಜಿನ್ ಪೂರ್ತಿ ಬಿಸಿ ಇರಬೇಕು, ಬ್ಯಾಟರಿ ತುಂಬಿರಬೇಕು, ಪೆಟ್ರೋಲ್ ಮತ್ತು ಕಾಯಿಲ್ ಕಳಚಿರಬೇಕು. ಓವರ್ ಆಗಿ ಎದ್ದ ಗಾಡಿ ಅದು, ಮೊದಲು ಸ್ವಲ್ಪ ಓಡಾಡಿಸಿ ಆಮೇಲೆ ಟೆಸ್ಟ್ ಮಾಡಿ. ಇಲ್ಲವಾದರೆ ಎಣ್ಣೆ ತೊಳೆದುಹೋದ ಸೀಲ್‌ನ ಲೆಕ್ಕ ಬರುತ್ತದೆ.


ವಾಸ್ಕೊ ನಾಯ್ಕ:

ಇಷ್ಟು ಓದಿದ ಮೇಲೆ ನಮ್ಮ ಪದ್ಮಿನಿ ಮೇಲೆ ಪ್ರೀತಿ ಜಾಸ್ತಿ ಆಯಿತು. ಆದರೂ ಒಂದು ಕೇಳುತ್ತೇನೆ. ಬಿಸಿಯಲ್ಲಿ ಏಳದಿದ್ದರೆ ಸ್ಟಾರ್ಟರ್ ಮೋಟಾರೇ ಸುಸ್ತಾಗಿರಬಹುದಲ್ಲ? ಲಾರಿಗಳಲ್ಲಿ ನಾವು ಮೊದಲು ನೋಡುವುದು ಅದನ್ನೇ.


ಡೊಂಬಿವಲಿ ಶೆಟ್ಟಿ:

ನಾಯ್ಕರೇ, ಈ ಸಲ ನೀವು ಸರಿ. ಈ ಮಾಡೆಲ್‌ನ ಮೊದಲ ವರ್ಷಗಳ ಸ್ಟಾರ್ಟರ್ ನಿಧಾನ, ಮುಂದೆ ಮಜ್ದಾದವರೇ ಇನ್ನೂ ಜೋರಾಗಿ ತಿರುಗುವ ಸ್ಟಾರ್ಟರ್ ತಂದರು. ಬಿಸಿಯಲ್ಲಿ ಹಳೆಯ ಮೋಟಾರ್ ಇನ್ನೂ ಮಂದ. ನಿಧಾನ ತಿರುಗಿದರೆ ಕಂಪ್ರೆಷನ್ ಜಾರಲು ಹೊತ್ತು ಸಿಗುತ್ತದೆ, ಆಗ ಸುಮಾರಾಗಿರುವ ಎಂಜಿನ್ ಕೂಡ ಸತ್ತ ಹಾಗೆ ಕಾಣುತ್ತದೆ. ಆದರೆ ಇದರ ಇನ್ನೊಂದು ಮುಖ ನೋಡಿ. ಜೋರು ಸ್ಟಾರ್ಟರ್ ಹಾಕಿದರೆ ಸವೆದ ಎಂಜಿನ್ ಕೂಡ ಎದ್ದುಬಿಡುತ್ತದೆ, ಖಾಯಿಲೆ ಮುಚ್ಚಿಹೋಗುತ್ತದೆ. ಮಾರುವವರು ಮಾಡುವ ಕೆಲಸ ಅದು. ಹಾಗಾಗಿ ಟೆಸ್ಟ್ ಮೊದಲು, ಸ್ಟಾರ್ಟರ್ ಆಮೇಲೆ.


ಕೋಥ್ರೂಡ್ ಕಿಟ್ಟಿ:

ಟೆಸ್ಟ್ ಆಯಿತು. ರೋಟರಿ ಟೆಸ್ಟರ್ ಯಾರ ಹತ್ತಿರವೂ ಸಿಗಲಿಲ್ಲ, ವಾಲ್ವ್ ಬಿಚ್ಚಿದ ಗೇಜ್‌ನಲ್ಲೇ ಮಾಡಿದೆ. ವಿಡಿಯೊ ನಿಧಾನ ಮಾಡಿ ನೋಡಿದರೆ ಮುಂದಿನ ರೋಟರ್‌ನಲ್ಲಿ ಮೂರು ಕುಣಿತವೂ ಸಮ. ಹಿಂದಿನದರಲ್ಲಿ ಒಂದು ಎತ್ತರ, ಎರಡು ಗಿಡ್ಡ. ಮತ್ತೆ ಒಂದು ಎತ್ತರ, ಎರಡು ಗಿಡ್ಡ. ಏನರ್ಥ?


ಡೊಂಬಿವಲಿ ಶೆಟ್ಟಿ:

ಎಪೆಕ್ಸ್ ಸೀಲ್. ಒಂದು ಎಪೆಕ್ಸ್ ಸೀಲ್ ಎರಡು ಮುಖಗಳ ನಡುವಿನ ಗೋಡೆ. ಅದು ಸವೆದರೆ ಅಥವಾ ಕಾರ್ಬನ್ ಹಿಡಿದು ತಾನು ಕೂರುವ ಸೀಳಿನಲ್ಲಿ ಸಿಕ್ಕಿಕೊಂಡರೆ ಆಚೆ ಈಚೆ ಎರಡೂ ಮುಖ ಸೋರುತ್ತವೆ, ಮೂರನೆಯದು ಸರಿ ಇರುತ್ತದೆ. ಒಂದೇ ಮುಖ ಗಿಡ್ಡ ಇದ್ದಿದ್ದರೆ ಸೈಡ್ ಸೀಲ್ ಅನ್ನುತ್ತಿದ್ದೆ. ಸೀಲ್ ಮುರಿದಿರಲಿಕ್ಕಿಲ್ಲ, ಮುರಿದಿದ್ದರೆ ಪಿಕಪ್ ಮೊದಲಿನಂತೆ ಇದೆ ಅಂತ ನೀವು ಬರೆಯುತ್ತಿರಲಿಲ್ಲ.

ಮುಂದೆ ಏನು ಅಂದರೆ, ಕಾರ್ಬನ್ ಹಿಡಿದದ್ದಾದರೆ ಬಿಡಿಸಲು ಡೀಕಾರ್ಬನ್ ಮಾಡಿ ನೋಡಬಹುದು, ಕೆಲವರಿಗೆ ಉಪಯೋಗ ಆಗಿದೆ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆಗದಿದ್ದರೆ ಎಂಜಿನ್ ಇಳಿಸಿ ಬಿಚ್ಚಿ ಸೀಲ್ ಬದಲಾಯಿಸುವುದೇ. ಅಮೆರಿಕದಲ್ಲಿ 2004ರಿಂದ 2008ರ ಮಾಡೆಲ್‌ಗಳಿಗೆ ಕಂಪನಿಯೇ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತ್ತು. ನಮಗೆ ಅದೆಲ್ಲ ಇಲ್ಲ. ಪಾರ್ಟ್ಸ್ ಹೊರಗಿನಿಂದ ತರಿಸಬೇಕು, ಹೌಸಿಂಗ್‌ನಲ್ಲಿ ಗೀರು ಬಿದ್ದಿದ್ದರೆ ಅದನ್ನೂ ತರಿಸಬೇಕು. ಖರ್ಚು ಸಣ್ಣದಲ್ಲ.

ಆದರೆ ಇವತ್ತೇ ಇಳಿಸಬೇಕಾಗಿಲ್ಲ. ಕಾಯಿಲ್, ಪ್ಲಗ್ ಹೊಸದು ಹಾಕಿ. ಒಳ್ಳೆಯ ಬ್ಯಾಟರಿ ಹಾಕಿ. ಆಯಿಲ್ ಲೆವೆಲ್ ಆಗಾಗ ನೋಡಿ, ಸೀಲ್‌ಗೆ ಕೊಡಲು ಅಂತಲೇ ಈ ಎಂಜಿನ್ ಆಯಿಲ್ ಕುಡಿಯುತ್ತದೆ, ಅದು ಸೋರಿಕೆ ಅಲ್ಲ. ಖಾಯಿಲೆ ಏನು ಅಂತ ಗೊತ್ತಾದ ಮೇಲೆ ಜೋರು ಸ್ಟಾರ್ಟರ್ ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಓಡಿಸುತ್ತಾ ದುಡ್ಡು ಒಟ್ಟು ಮಾಡಿ. ತಣ್ಣಗಿದ್ದಾಗಲೂ ಸ್ಟಾರ್ಟಿಂಗ್ ಕಷ್ಟ ಆಗತೊಡಗಿದರೆ, ಅಥವಾ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗತೊಡಗಿದರೆ ಕಾಯಬೇಡಿ.


ಕಾತ್ರಜ್ ಕುಲಕರ್ಣಿ:

ಎಂಜಿನ್ ಬಿಚ್ಚುವ ಕೆಲಸ ಪುಣೆಯಲ್ಲಿ ಯಾರಿಗೆ ಕೊಡುವುದು ಅದನ್ನೂ ಹೇಳಿರಿ ಶೆಟ್ರ.


ಡೊಂಬಿವಲಿ ಶೆಟ್ಟಿ:

ಹೆಸರು ಇಲ್ಲಿ ಬೇಡ. ಹೋಗಿ ಒಂದೇ ಪ್ರಶ್ನೆ ಕೇಳಿ: ಇದರ ಕಂಪ್ರೆಷನ್ ಹೇಗೆ ನೋಡುತ್ತೀರಿ ಅಂತ. ಮೂರು ಮುಖದ ಮಾತು ತಾವಾಗಿಯೇ ಎತ್ತಿದರೆ ಕೂತು ಮಾತಾಡಿ. ಸಿಲಿಂಡರ್ ಅಂದರೆ ಚಹಾ ಕುಡಿದು ಎದ್ದು ಬನ್ನಿ.


ಕೋಥ್ರೂಡ್ ಕಿಟ್ಟಿ:

ಶೆಟ್ರೇ, ತುಂಬಾ ಉಪಕಾರ ಆಯಿತು. ಕಾಯಿಲ್, ಪ್ಲಗ್ ಆರ್ಡರ್ ಮಾಡಿದ್ದೇನೆ. ಕೊನೆಯ ಪ್ರಶ್ನೆ: ಮುಂದಿನ ವಾರ ಪೇಂಟರ್‌ಗಳು ಇನ್ನೊಂದು ಬದಿಗೆ ಬರುತ್ತಾರೆ, ಗಾಡಿ ಮತ್ತೆ ಸರಿಸಬೇಕು. ಸ್ಟಾರ್ಟ್ ಮಾಡಲೋ ಬೇಡವೋ?


ಡೊಂಬಿವಲಿ ಶೆಟ್ಟಿ:

ಹತ್ತಡಿಗೆ ಸ್ಟಾರ್ಟ್ ಯಾಕೆ? ನ್ಯೂಟ್ರಲ್ ಮಾಡಿ ತಳ್ಳಿ. ಒಬ್ಬರು ಸ್ಟೇರಿಂಗ್‌ನಲ್ಲಿ ಕೂತು ಬ್ರೇಕ್ ಮೇಲೆ ಕಾಲಿಟ್ಟಿರಲಿ. ಸ್ಟೇರಿಂಗ್ ಲಾಕ್ ಬಿಡಿಸಲು ಕೀ ತಿರುಗಿಸಿದರೆ ಸಾಕು, ಸೆಲ್ಫ್ ತನಕ ಹೋಗಬೇಡಿ. ಸ್ಟಾರ್ಟ್ ಮಾಡಲೇಬೇಕಾದರೆ ಒಂದು ಸುತ್ತು ಹೊರಗೆ ಓಡಿಸಿ, ಬಿಸಿ ಮಾಡಿಕೊಂಡು ಬಂದು ನಿಲ್ಲಿಸಿ. ಆಫ್ ಮಾಡುವ ಮುನ್ನ ಒಂದೆರಡು ಕ್ಷಣ ನಿಮಿಷಕ್ಕೆ 3000 ಸುತ್ತಿಗೆ ರೇಸ್ ಕೊಟ್ಟು ಆಫ್ ಮಾಡುವವರೂ ಇದ್ದಾರೆ, ಉಳಿದ ಪೆಟ್ರೋಲ್ ಹೊರಗೆ ಹೋಗಲಿ ಅಂತ. ಮತ್ತೆ ಕೀ ಎಲ್ಲಿಡುತ್ತೀರಿ ಅಂತ ಭಾವಮೈದುನನಿಗೆ ಹೇಳಬೇಡಿ.


ವಾಸ್ಕೊ ನಾಯ್ಕ:

ತಳ್ಳಿ ಅಂತ ನಾನು ಮೊದಲೇ ಹೇಳಿದ್ದೆ.